ಮೀನುಗಾಡಿಯ ಹಾರ್ನೂ ನನ್ನ ಕುತ್ತಿಗೆಯೂ

‘ಇಲ್ಲಿ ಇರು’ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಇಲ್ಲಲ್ಲದೆ ಮತ್ತೆಲ್ಲಿದ್ದೇನೆ? ಬೆಳಗಿನಿಂದ ಸಂಜೆಯವರೆಗೆ ಹೊನ್ನಾವರದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದು, ಒಂದು ಲೋಟ ಚಹಾ ಕುಡಿದು, ಅಲ್ಲಿನ ಬಾತ್‌ರೂಮಿನಲ್ಲೇ ಸೀರೆ ಬಿಚ್ಚಿ ಬಿಳಿ ಬಟ್ಟೆ ತೊಟ್ಟು, ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ಮುಷ್ಟಿ ಕಟ್ಟಿ ನಿಂತವಳು ನಾನಲ್ಲದೆ ಇನ್ಯಾರು? ಆದರೂ ನಮ್ಮ ಕರಾಟೆ ಸರ್ ಸಾಲಿನ ನಡುವೆ ನಿಧಾನಕ್ಕೆ ನಡೆದು ಬಂದು, ಸರಿಯಾಗಿ ನನ್ನ ಮುಂದೆಯೇ ನಿಂತು, “ತಂಗೀ, ಇಲ್ಲಿ ಇರು” ಎನ್ನುತ್ತಿದ್ದರು. ಸಾಲಿನಲ್ಲಿದ್ದ ಉಳಿದವರೆಲ್ಲ ಇಲ್ಲೇ ಇದ್ದರಂತೆ. ನಾನೊಬ್ಬಳೇ ಊರು ಸುತ್ತಲು ಹೋದವಳು.

ಸರ್ ಕುಮಟೆಯವರು. ಅರವತ್ತು ದಾಟಿದ ಸಣಕಲು ಆಳು. ಪ್ರಾಯದಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಯಾವುದೋ ಕಟ್ಟಡದ ತಾರಸಿಯ ಮೇಲೆ ಕರಾಟೆ ಕಲಿತರಂತೆ. ಊರಿಗೆ ವಾಪಸು ಬಂದ ಮೇಲೆ ಕುಮಟೆ, ಹೊನ್ನಾವರ, ಭಟ್ಕಳ ಎಂದು ಮೂರು ಊರಿಗೂ ಬಸ್ಸು ಹಿಡಿದು ಓಡಾಡಿ ಕಲಿಸಿದರು. ಮೊದಲೆಲ್ಲ ಹೊಡೆ, ತಡೆ, ಕೂಗು ಎನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಇತ್ತೀಚೆಗೆ ಫೋನಿನಲ್ಲಿ ಯಾರ್ಯಾರದೋ ಭಾಷಣ ನೋಡಲು ಶುರುಮಾಡಿದ ಮೇಲೆ ಈ ಕ್ಷಣ, ಆ ಕ್ಷಣ ಎಂಬ ಹುಚ್ಚು ಹಿಡಿಯಿತು. “ಹೊಡೆತ ನಿನ್ನೆ ಬರೂದಿಲ್ಲ, ನಾಳೆ ಬರೂದಿಲ್ಲ. ಈಗ ಬತ್ತದೆ. ನೀ ಈಗ ಇದ್ರೆ ಮಾತ್ರ ಕಾಣ್ತದೆ” ಎನ್ನುವರು. ಕೇಳಲು ಚೆಂದ. ಮನೆಯಲ್ಲಿ ಅಕ್ಕಿ ನೆನೆಹಾಕಿ ಬಂದವರಿಗೆ ಹೇಳಿ ನೋಡಲಿ.

ನಾನು ಕರಾಟೆ ಕಲಿಯುತ್ತೇನೆಂದು ಹರಕೆ ಹೊತ್ತವಳೇನೂ ಅಲ್ಲ. ಮಗಳನ್ನು ಸೇರಿಸಿದ್ದೆ. ಬೆಳೆಯುವ ಹುಡುಗಿ, ಎರಡು ವರ್ಷವಾದರೂ ಬರಲಿ ಎಂದು ಎರಡು ಅಳತೆ ದೊಡ್ಡ ಬಟ್ಟೆ ತೆಗೆದಿದ್ದೆ. ಅವಳು ಮಳೆಗಾಲ ಮುಗಿಯುವುದರೊಳಗೆ ‘ನಂಗೆ ಬೇಡ’ ಎಂದು ಕೂತಳು. ಬಟ್ಟೆ ಕಪಾಟಿನಲ್ಲಿ ಕೊಳೆಯುವುದನ್ನು ನೋಡಲಾಗದೆ ಒಂದು ದಿನ ತೊಟ್ಟು ನೋಡಿದೆ. ನನಗೇ ಹೊಲಿದಂತೆ ಕೂತಿತು. ಹಾಗೆ ನಲವತ್ತು ದಾಟಿದ ಮೇಲೆ ಮಕ್ಕಳ ಜೊತೆ ಸಾಲಿನಲ್ಲಿ ನಿಂತೆ. ಗಂಡ ಬೋಟಿನಿಂದ ಬಂದವರು ನನ್ನನ್ನು ಆ ವೇಷದಲ್ಲಿ ನೋಡಿ, ಏನೂ ಹೇಳದೆ, ಊಟಕ್ಕೆ ಕೂತರು. ಅವರು ಹೊನ್ನಾವರದ ಹೊಳೆಯಾಚೆ ನಮ್ಮೂರು ಕಾಸರಕೋಡಿನ ಬಂದರಿನಿಂದ ಹೊರಡುವ ಬೋಟಿನ ತಾಂಡೇಲರು. ಬೋಟಿನಲ್ಲಿರುವಷ್ಟೂ ಜನರಿಗೆ ಹುಕುಂ ಮಾಡಿ ಬಂದಿರುತ್ತಾರೆ, ಮನೆಯಲ್ಲಿ ಮಾತಾಡಲು ಬೇಸರ.

ಈಗ ನನ್ನ ಕುತ್ತಿಗೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಬೈಕಿನ ಹಿಂದೆ ಡಬ್ಬ ಕಟ್ಟಿಕೊಂಡು ಮೀನು ಮಾರುವವರು ಬರುತ್ತಾರೆ. ಮನೆ ಹತ್ತಿರವಾಗುವಾಗ ಹಾರ್ನ್ ಹೊಡೆಯುತ್ತಾರೆ. ಒಬ್ಬರ ಹಾರ್ನಿನ ಹಾಗೆ ಇನ್ನೊಬ್ಬರದಿಲ್ಲ. ಒಳಗೆ ದೋಸೆ ಹೊಯ್ಯುತ್ತಿದ್ದವಳು ಅಲ್ಲಿಂದಲೇ ಯಾರು ಬಂದರು, ಎಷ್ಟು ದೂರದಲ್ಲಿದ್ದಾರೆ, ಪಾತ್ರೆ ಹಿಡಿದು ಓಡಬೇಕೋ ನಡೆದರೆ ಸಾಕೋ ಎಂದು ತಿಳಿದುಕೊಳ್ಳುತ್ತಾಳೆ. ಬೋಟಿನವರ ಹೆಂಡತಿಗೆ ಮೀನುಗಾಡಿ ಯಾಕೆ ಎಂದು ಕೇಳುವವರಿದ್ದಾರೆ. ಬೋಟು ವಾರಗಟ್ಟಲೆ ಹೊರಗಿರುವಾಗ ಮನೆಯಲ್ಲಿ ನಾವು ಬೇಳೆ ಬೇಯಿಸಿಕೊಂಡು ಕೂರಬೇಕೇ? ಅಲ್ಲದೆ ಕೊಳ್ಳದಿದ್ದರೂ ಇವತ್ತು ಎಂತ ಬಂದಿದೆ ಎಂಬುದು ಗೊತ್ತಿರಬೇಕು. ಹಾರ್ನ್ ಕೇಳಿದ ಕೂಡಲೇ ತಿರುಗುವುದು ನಾನಲ್ಲ, ನನ್ನ ಕುತ್ತಿಗೆ. ನನ್ನನ್ನು ಕೇಳಿ ತಿರುಗುವುದಿಲ್ಲ.

ಹೊನ್ನಾವರದಲ್ಲಿ ಕ್ಲಾಸು ನಡೆಯುವ ಹಾಲ್‌ನ ಪಕ್ಕದ ಓಣಿಯಲ್ಲಿ ಸಂಜೆ ಮೀನು ಬರುತ್ತದೆ. ಒಂದು ದಿನ ಜೋಡಿ ಅಭ್ಯಾಸ ನಡೆದಿತ್ತು. ನನ್ನ ಎದುರಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಅವಳು ಮುಷ್ಟಿ ಬಿಡಬೇಕು, ನಾನು ಕೈಯಿಂದ ತಡೆಯಬೇಕು. ಅವಳು ಮುಷ್ಟಿ ಎತ್ತಿದಳು, ಹೊರಗೆ ಹಾರ್ನ್ ಆಯಿತು, ನನ್ನ ಕುತ್ತಿಗೆ ಕಿಟಕಿಗೆ ತಿರುಗಿತು. ಅವಳು ಮೀನು ತಿನ್ನದವಳು, ಅವಳ ಪಾಲಿಗೆ ಅದು ಬರೀ ಹಾರ್ನ್. ನೇರ ಕೆನ್ನೆಯ ಮೂಳೆಗೆ ಬಿತ್ತು. ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನ ಮುಖ ನೋಡಿ ಗಾಬರಿಯಾಗಿ “ಎಂತ ಆತು?” ಎಂದರು. “ಬಂಗಡೆ ಬಂದಿತ್ತು” ಎಂದೆ. ಅವರು ಮುಂದೆ ಕೇಳಲಿಲ್ಲ.

ಸರ್ ಮಾತ್ರ ಬಿಡಬೇಕಲ್ಲ. “ಮನಸ್ಸು ಇಲ್ಲಿರಲಿಲ್ಲ” ಎಂದರು. “ಇಲ್ಲೂ ಇತ್ತು ಸರ್, ಅಲ್ಲೂ ಇತ್ತು” ಎಂದೆ. ಸುಳ್ಳಲ್ಲ. ನಾನು ಹುಟ್ಟಿದ ಮನೆಯಲ್ಲಿ ಒಂದೇ ಕಡೆ ಮನಸ್ಸಿಟ್ಟುಕೊಂಡು ಕೂತವರನ್ನು ನಾನು ನೋಡಿಯೇ ಇಲ್ಲ. ಅಮ್ಮ ಒಲೆಯ ಮುಂದೆ ಇದ್ದರೂ ಅವಳ ಕಿವಿ ಗಾಳಿಯ ಮೇಲೆ ಇರುತ್ತಿತ್ತು. ಸಮುದ್ರಕ್ಕೆ ಹೋದವರಿರುವ ಮನೆಯಲ್ಲಿ ಎಲ್ಲರೂ ಹಾಗೆಯೇ. ಈಗ ಗಾಳಿಯ ಜಾಗಕ್ಕೆ ಫೋನು ಬಂದಿದೆ. ಕ್ಲಾಸಿಗೆ ಬರುವವರು ಫೋನು ಆಫ್ ಮಾಡಿ ಬಕೆಟ್ಟಿನಲ್ಲಿ ಹಾಕಬೇಕೆಂದು ಸರ್ ನಿಯಮ ಮಾಡಿದಾಗ ನಾನು ಹಾಕಿದೆ, ಆಫ್ ಮಾಡಲಿಲ್ಲ. ಬೋಟು ದಡದ ಹತ್ತಿರ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ಗಂಡ ಒಂದು ಕರೆ ಮಾಡುತ್ತಾರೆ. ‘ಬಂದೆ’ ಎನ್ನುತ್ತಾರೆ, ಅಷ್ಟೇ. ಆ ಒಂದು ಮಾತು ಬರುವವರೆಗೆ ನಾನು ಯಾವ ಕ್ಷಣದಲ್ಲಿ ಇರಬೇಕು ಎಂಬುದನ್ನು ಸರ್ ನೋಡುವ ಭಾಷಣದಲ್ಲಿ ಯಾರೂ ಹೇಳಿರಲಿಕ್ಕಿಲ್ಲ.

ಸರ್ ಒಮ್ಮೆ ಬಹಳ ಜಾಣತನದ ಉಪಾಯ ಹುಡುಕಿ ತಂದರು. “ಮೆಟ್ಟುಗತ್ತಿಯಲ್ಲಿ ಮೀನು ಕೊಯ್ಯುವಾಗ ಕೈ ಕುಯ್ದುಕೊಳ್ತ್ಯಾ?” ಎಂದು ಕೇಳಿದರು. ಇಲ್ಲ ಎಂದೆ. “ನೋಡು, ಆವಾಗ ನಿನ್ನ ಮನಸ್ಸು ಮೀನಿನಲ್ಲೇ ಇರ್ತದೆ. ಬೇರೆ ಎಂತದೂ ಯೋಚನೆ ಮಾಡೂದಿಲ್ಲ. ಅದೇ ಇಲ್ಲಿ ಬೇಕು.” ನನಗೆ ನಗು ತಡೆಯಲಿಲ್ಲ. ಮೀನು ಕೊಯ್ಯುವಾಗ ನಾನು ಪ್ರಪಂಚದ ಯೋಚನೆಯನ್ನೆಲ್ಲ ಮಾಡುತ್ತೇನೆ. ನಾದಿನಿಯ ಮದುವೆಯಲ್ಲಿ ಯಾರು ಎಂತ ಅಂದರು, ಮಗಳ ಪರೀಕ್ಷೆ ಯಾವಾಗ, ಗ್ಯಾಸು ಇನ್ನೆಷ್ಟು ದಿನ ಬರುತ್ತದೆ, ಎಲ್ಲ. ಪಕ್ಕದ ಮನೆಯವಳ ಜೊತೆ ಬೇಲಿಯಾಚೆ ಜಗಳವನ್ನೂ ಮಾಡಿದ್ದೇನೆ. ಹೇಳಿದೆ. ಸರ್ ಮುಖ ಸಪ್ಪೆಯಾಯಿತು. ಅವರು ಮೀನು ತಿನ್ನುವವರು, ಕೊಯ್ದವರಲ್ಲ.

ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ದಿನಾ ನೋಡುವುದೇ ಇದು. ಡಾಕ್ಟರು ‘ಸಡಿಲ ಬಿಡಿ’ ಎನ್ನುತ್ತಾರೆ, ಕುರ್ಚಿಯಲ್ಲಿದ್ದವರ ದವಡೆ ಅದೇ ಗಳಿಗೆಯಲ್ಲಿ ಬಿಗಿಯುತ್ತದೆ. ಅದನ್ನು ಹೇಳದೆ ಇದ್ದಿದ್ದರೆ ಬಿಡುತ್ತಿದ್ದರೋ ಏನೋ. ನನ್ನದೂ ಹಾಗೆಯೇ. ಇಲ್ಲಿ ಇರು ಎಂದ ಕೂಡಲೇ ನಾನು ಎಲ್ಲಿದ್ದೇನೆ ಎಂದು ಹುಡುಕಲು ಹೊರಡುತ್ತಿದ್ದೆ, ಅಷ್ಟರಲ್ಲಿ ಒಂದು ಒದೆ ಬಿದ್ದಿರುತ್ತಿತ್ತು.

ಹೀಗೆ ಬೈದುಕೊಂಡೇ ಒಂದೊಂದಾಗಿ ಬೆಲ್ಟಿನ ಬಣ್ಣ ಬದಲಾಗಿ ಬ್ರೌನ್ ಬೆಲ್ಟಿನವರೆಗೆ ಬಂದೆ. ಬ್ಲ್ಯಾಕ್ ಬೆಲ್ಟಿನ ಪರೀಕ್ಷೆಗೆ ಮೊದಲ ಸಲ ಕೂತದ್ದು ಹೋದ ವರ್ಷ. ಕುಮಟೆಯಲ್ಲಿ ನಡೆಯಿತು. ಒಬ್ಬರೇ ನಿಂತು, ಎದುರಾಳಿ ಇದ್ದಾರೆ ಎಂದುಕೊಂಡು, ಹೊಡೆತಗಳನ್ನೂ ತಡೆಗಳನ್ನೂ ಒಂದರ ಹಿಂದೆ ಒಂದು ಮಾಡಿ ತೋರಿಸುವುದಕ್ಕೆ ಕಟಾ ಎನ್ನುತ್ತಾರೆ. ಕೊನೆಯ ಹೊಡೆತ ಆದ ಮೇಲೂ ಕದಲಬಾರದು. ಪರೀಕ್ಷಕರು ‘ಯಾಮೆ’ ಎಂದು ನಿಲ್ಲಿಸುವವರೆಗೆ, ಕಾಣದ ಆ ಎದುರಾಳಿಯ ಮೇಲೆ ಕಣ್ಣಿಟ್ಟು ನಿಂತಿರಬೇಕು. ನಾನು ಎಲ್ಲ ಸರಿಯಾಗಿ ಮಾಡಿ, ಕೊನೆಯ ಮುಷ್ಟಿ ಬಿಡುವಾಗಲೇ “ಆತು” ಎಂದುಬಿಟ್ಟೆ. ಬೇಕೆಂದೇ ಅಲ್ಲ. ಅನ್ನ ಬಸಿದರೆ ಆತು, ಬಟ್ಟೆ ಒಣಹಾಕಿದರೆ ಆತು, ಚೀಟಿ ಬರೆದರೆ ಆತು. ನಮ್ಮ ಕಡೆಯ ಹೆಂಗಸರು ಒಂದು ಕೆಲಸ ಇನ್ನೂ ಕೈಯಲ್ಲಿರುವಾಗಲೇ ಆತು ಎಂದು ಮುಂದಿನದಕ್ಕೆ ಕಾಲು ಕಿತ್ತಿರುತ್ತೇವೆ. ಹೊರಜಿಲ್ಲೆಯಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು, “ಕಟಾ ಮುಗಿಯುವ ಮೊದಲೇ ನೀವು ಮನೆಗೆ ಹೋಗಿದ್ದೀರಿ” ಎಂದರು. ಹೌದು, ಹೋಗಿದ್ದೆ. ಹೊನ್ನಾವರದ ಬಸ್ಸು ಹತ್ತಿ ಆಗಿತ್ತು. ಆದರೆ ಅದನ್ನು ಅಷ್ಟು ಜನರ ಮುಂದೆ ಹೇಳಬೇಕೇ?

ಫೇಲಾದದ್ದಕ್ಕೆ ನನಗೆ ಅಂಥ ದುಃಖವೇನೂ ಆಗಲಿಲ್ಲ. ಬೆಲ್ಟಿನ ಬಣ್ಣ ನೋಡಿ ಯಾರೂ ನನಗೆ ಬಸ್ಸಿನಲ್ಲಿ ಸೀಟು ಬಿಡುವುದಿಲ್ಲ. ಅದು ನಿಜವಾಗಿ ಬೇಕೆನಿಸಿದ್ದು ಭಟ್ಕಳದ ಹುಡುಗಿಯರಿಂದ.

ಭಟ್ಕಳದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಸರ್ ಹುಡುಗಿಯರಿಗೆಂದೇ ಒಂದು ಕ್ಲಾಸು ನಡೆಸುತ್ತಿದ್ದರು. ಪೇಟೆಯ ಕಟ್ಟಡವೊಂದರ ಮೇಲಿನ ಮಹಡಿ. ಮೀನುಪೇಟೆಯಲ್ಲಿ ಕೂತು ಮಾರುವವರ ಮಕ್ಕಳೂ, ಮನೆಯಲ್ಲಿ ನವಾಯತಿ ಮಾತಾಡುವ ಮುಸ್ಲಿಂ ವ್ಯಾಪಾರಸ್ಥರ ಮಕ್ಕಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ನಾನು ಸಹಾಯಕ್ಕೆ ಹೋಗುತ್ತಿದ್ದೆ. ಯಾವ ಓಣಿಯವರೇ ಆಗಲಿ, ತಾಯಂದಿರಿಗೆ ಒಬ್ಬಳು ಹೆಂಗಸು ಜೊತೆಗಿರಬೇಕಿತ್ತು. ಅಷ್ಟರಲ್ಲಿ ಸರ್ ಮೊಣಕಾಲು ಕೈಕೊಟ್ಟಿತು. ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದರು. “ಆ ಕ್ಲಾಸು ನೀನೇ ನಡೆಸಬೇಕು, ಇಲ್ಲದಿದ್ರೆ ಮುಚ್ಚೂದೇ” ಎಂದರು ಸರ್. ಆದರೆ ಬ್ಲ್ಯಾಕ್ ಬೆಲ್ಟ್ ಇಲ್ಲದವರು ಸ್ವಂತ ಕ್ಲಾಸು ನಡೆಸುವಂತಿಲ್ಲ. ಮುಂದಿನ ಪರೀಕ್ಷೆಯವರೆಗೆ ಸರ್ ಹೆಸರಿನಲ್ಲಿ ನಾನೇ ಹೋಗಿ ನಡೆಸುವುದು, ಪರೀಕ್ಷೆಯಲ್ಲಿ ಪಾಸಾದರೆ ಮುಂದುವರಿಸುವುದು, ಇಲ್ಲವಾದರೆ ಬೀಗ ಹಾಕುವುದು ಎಂದಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವ ಹೆದ್ದಾರಿ ಅಗಲ ಮಾಡಲು ಹಿಡಿದು ಯಾವ ಕಾಲವಾಯಿತೋ. ಒಂದು ಕಡೆ ನುಣುಪು, ಇನ್ನೊಂದು ಕಡೆ ಧೂಳು. ಇಡಗುಂಜಿಗೆ ಹೋಗುವವರ ಗಾಡಿಗಳ ಹಿಂದೆ ಸಿಕ್ಕಿಹಾಕಿಕೊಂಡು, ಮಂಕಿ ದಾಟಿ, ಸೊಂಟ ಹಿಡಿದುಕೊಂಡು ಭಟ್ಕಳದಲ್ಲಿ ಇಳಿದರೆ ಮಹಡಿಯ ಬಾಗಿಲಲ್ಲಿ ಆಗಲೇ ಒಬ್ಬರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಸಾಲಿನಲ್ಲಿದ್ದ ಒಬ್ಬ ಸಣ್ಣ ಹುಡುಗಿಯ ತಾಯಿ. ಕಪ್ಪು ಬುರ್ಖಾ, ತೊಡೆಯ ಮೇಲೊಂದು ಚೀಲ. ಬೇರೆ ತಾಯಂದಿರು ಮಕ್ಕಳನ್ನು ಬಿಟ್ಟು ಪೇಟೆಗೆ ಹೋಗುತ್ತಿದ್ದರು. ಇವರು ಕ್ಲಾಸು ಮುಗಿಯುವವರೆಗೆ ಕದಲುತ್ತಿರಲಿಲ್ಲ. ಫೋನು ನೋಡುತ್ತಿರಲಿಲ್ಲ, ಆಕಳಿಸುತ್ತಿರಲಿಲ್ಲ. ಮಗಳ ಮೇಲೊಮ್ಮೆ, ನನ್ನ ಮೇಲೊಮ್ಮೆ ಕಣ್ಣು. ನನ್ನ ಬೆನ್ನು ಅವರ ಕಡೆಗಿದ್ದರೂ ಆ ಕಣ್ಣು ನನಗೆ ಗೊತ್ತಾಗುತ್ತಿತ್ತು. ಮೇಸ್ತ್ರಿಯ ಎದುರು ಕೆಲಸ ಮಾಡಿದ ಹಾಗೆ. ಎಷ್ಟೋ ಸಲ ‘ನೀವು ಸ್ವಲ್ಪ ಪೇಟೆ ಸುತ್ತಿ ಬರಬಾರದಾ’ ಎಂದು ಹೇಳಲು ಬಾಯಿ ತೆರೆದು ಮುಚ್ಚಿದ್ದೇನೆ. ಯಾಕೆಂದರೆ ಅರ್ಧ ಸಾಲಿನ ಹುಡುಗಿಯರನ್ನು ಕರೆತರುವ ಆಟೋ ಗೊತ್ತು ಮಾಡಿದ್ದು ಅವರೇ. ಅವರು ಬಂದರೆ ಆಟೋ ಬಂತು, ಅವರು ಬಿಟ್ಟರೆ ಅರ್ಧ ಕ್ಲಾಸು ಹೋಯಿತು.

ಒಂದು ಭಾನುವಾರ ಜೋಡಿ ಅಭ್ಯಾಸ ಹಚ್ಚಿದ್ದೆ. ಅವರ ಮಗಳ ಎದುರು ಅವಳಿಗಿಂತ ಒಂದು ಗೇಣು ಎತ್ತರದ ಹುಡುಗಿ ನಿಂತಿದ್ದಳು. ಕೆಳಗೆ ರಸ್ತೆಯಲ್ಲಿ ಹಾರ್ನ್ ಆಯಿತು. ಭಟ್ಕಳದ ಮೀನುಗಾಡಿ ನನಗೆ ಪರಿಚಯದ್ದೂ ಅಲ್ಲ, ಅಲ್ಲಿಂದ ಮೀನು ಹೊತ್ತುಕೊಂಡು ನಾನು ಕಾಸರಕೋಡಿಗೆ ಬರುವುದೂ ಇಲ್ಲ. ಆದರೂ ಈ ದರಿದ್ರ ಕುತ್ತಿಗೆ ತಿರುಗಿತು. ಒಂದೇ ಗಳಿಗೆ. ಮತ್ತೆ ಈ ಕಡೆ ನೋಡುವಾಗ ಚಿಕ್ಕವಳು ಬಾಯಿ ಹಿಡಿದುಕೊಂಡು ನಿಂತಿದ್ದಳು, ಅಂಗೈಯಲ್ಲೊಂದು ಹಲ್ಲು.

ತಾಯಿ ಎದ್ದು ಬಂದರು. ಕೂಗಾಡಲಿಲ್ಲ. ಚೀಲದಿಂದ ನೀರು ತೆಗೆದು ಮಗಳ ಬಾಯಿ ತೊಳೆಸಿದರು. ಹಲ್ಲಿನ ಕ್ಲಿನಿಕ್ಕಿನವಳಾದ ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು, ಅದು ಹಾಲುಹಲ್ಲು, ಮೊದಲೇ ಅಲ್ಲಾಡುತ್ತಿದ್ದದ್ದು.

“ಹೆದ್ರಬೇಡಿ, ಇದು ಹಾಲುಹಲ್ಲು. ಇವತ್ತು ನಾಳೆ ಬೀಳೂದೇ ಇತ್ತು” ಎಂದೆ.

“ಹಲ್ಲು ಹೋಗಲಿ ಟೀಚರ್” ಎಂದರು ಅವರು. “ಹಲ್ಲು ಮತ್ತೆ ಬರ್ತದೆ. ನಿಮ್ಮ ಕಣ್ಣು ಎಲ್ಲಿತ್ತು?”

ಮೀನಿನ ಮೇಲೆ ಎಂದು ಹೇಳಲಾಗುತ್ತದೆಯೇ? ಅವರಿಗೆ ಉತ್ತರ ಗೊತ್ತಿತ್ತು ಎನ್ನುವುದು ಇನ್ನೂ ಕಷ್ಟ. ಕಿಟಕಿಯ ಕಡೆ ಒಮ್ಮೆ ನೋಡಿ, ಮಗಳ ಕೈ ಹಿಡಿದು ಮೆಟ್ಟಿಲಿಳಿದರು. ಮುಂದಿನ ಭಾನುವಾರ ಆಟೋ ಬರಲಿಲ್ಲ. ಉಳಿದ ಹುಡುಗಿಯರು ಖಾಲಿ ಜಾಗ ಬಿಟ್ಟುಕೊಂಡು ಅವರವರ ಜಾಗದಲ್ಲೇ ನಿಂತಿದ್ದರು, ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ಹತ್ತಿರ ಬಂದು ಸೇರಿಕೊಳ್ಳಿ ಎಂದರೆ, “ಅವ್ರು ಬಂದ್ರೆ, ಅಕ್ಕೋರೆ?” ಎಂದಳು ಒಬ್ಬಳು. ಆ ಮಾತು ಕೇಳಿ ನನಗೆ ಅಳು ಬಂತು. ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು.

ಸರ್ ಆ ತಾಯಿಗೆ ಫೋನು ಮಾಡಿದರು. ನನ್ನ ಪರವಾಗಿ ಏನೇನೋ ಹೇಳಿದರಂತೆ. ಅವರು ಎಲ್ಲ ಕೇಳಿ, “ಸರ್, ಅವರ ಪರೀಕ್ಷೆ ಎಲ್ಲಿ? ನಾನು ಬಂದು ನೋಡ್ತೇನೆ. ಆಮೇಲೆ ಹೇಳ್ತೇನೆ” ಎಂದರಂತೆ. ಒಬ್ಬ ಪರೀಕ್ಷಕರು ಸಾಲದು ಎಂದು ಇನ್ನೊಬ್ಬರು. ಅಂದಿನಿಂದ ನಾನು ಅಭ್ಯಾಸ ಮಾಡಿದ್ದು ಕರಾಟೆಯನ್ನಲ್ಲ, ಕುತ್ತಿಗೆ ತಿರುಗಿಸದೆ ಇರುವುದನ್ನು. ಬೆಳಿಗ್ಗೆ ಮನೆಯ ಅಂಗಳದಲ್ಲಿ ಕಟಾ ಮಾಡುವಾಗ ಮೀನುಗಾಡಿ ಬರುತ್ತಿತ್ತು. ತಿರುಗಬಾರದು ಎಂದು ಹಲ್ಲು ಕಚ್ಚಿ ನಿಂತರೆ ಕುತ್ತಿಗೆ ತಿರುಗುತ್ತಿರಲಿಲ್ಲ, ಬದಲಿಗೆ ಕಟಾ ಮರೆತುಹೋಗುತ್ತಿತ್ತು. ಮೀನಿನವರು ಗೇಟಿನಲ್ಲಿ ನಿಂತು “ಬೇಕಾ ಬೇಡ್ವಾ, ಹೇಳಿ ಬಾಯೋರೆ” ಎಂದು ಕೇಳಿ ಕೇಳಿ, ನನಗೆ ಏನೋ ಮೈಮೇಲೆ ಬಂದಿದೆ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಮಗಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳ ಬಟ್ಟೆ ಅವಳಿಗೇ ತೊಡಿಸಿ ಅಂಗಳದಲ್ಲಿ ನಿಲ್ಲಿಸಬೇಕು ಎನಿಸುತ್ತಿತ್ತು.

ಪರೀಕ್ಷೆಯ ದಿನ ಕುಮಟೆಯ ಆ ಹಾಲ್‌ನಲ್ಲಿ ಸೆಕೆಯೆಂದರೆ ಸೆಕೆ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಅವರು ಕೂತಿದ್ದರು. ಅದೇ ಚೀಲ, ಅದೇ ಕಣ್ಣು. ಭಟ್ಕಳದಿಂದ ಅಷ್ಟು ಬೆಳಿಗ್ಗೆ ಯಾವ ಗಾಡಿ ಹಿಡಿದು ಬಂದರೋ. ಸರ್ ಕಾಲು ಚಾಚಿಕೊಂಡು ಇನ್ನೊಂದು ಬದಿಯಲ್ಲಿ ಕೂತಿದ್ದರು. ಮೇಜಿನ ಹಿಂದೆ ಹೋದ ವರ್ಷದ್ದೇ ಪರೀಕ್ಷಕರು. ನನ್ನ ಹೆಸರು ಕರೆದರು. ಹೋಗಿ ನಡುವೆ ನಿಂತೆ.

ಕಟಾ ಹೇಗಾಯಿತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಕಾಲು ಅದರ ಪಾಡಿಗೆ ಇಟ್ಟಿತು, ಕೈ ಅದರ ಪಾಡಿಗೆ ಹೋಯಿತು. ಕೊನೆಯ ಮುಷ್ಟಿ ಬಿಟ್ಟೆ. ಆತು ಎನ್ನಲು ನಾಲಿಗೆ ‘ಆ’ ಎಂಬಷ್ಟು ಎದ್ದಿತ್ತು. ತಡೆದುಕೊಂಡೆ. ಮೊಣಕಾಲು ಬಗ್ಗಿಸಿ, ಮುಷ್ಟಿ ಮುಂದೆ ಚಾಚಿ, ಕಾಣದ ಎದುರಾಳಿಯನ್ನು ನೋಡುತ್ತ ನಿಂತೆ. ಇನ್ನು ಪರೀಕ್ಷಕರು ಯಾಮೆ ಎನ್ನಬೇಕು. ಎನ್ನಲಿಲ್ಲ. ನಿಂತೇ ಇದ್ದೆ. ತೊಡೆ ನಡುಗಲು ಶುರುವಾಯಿತು. ಎದುರಾಳಿಯನ್ನು ನಾನು ಇಟ್ಟುಕೊಂಡದ್ದು ಮೇಜಿನ ಬದಿಯಲ್ಲೇ ಆದ್ದರಿಂದ ಕಣ್ಣು ಕದಲಿಸದೆಯೇ ಕಂಡಿತು. ಪರೀಕ್ಷಕರು ತಲೆ ತಗ್ಗಿಸಿ ಮೇಜಿನ ಅಡಿಯಲ್ಲಿ ಫೋನು ನೋಡುತ್ತಿದ್ದರು. ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿತ್ತು.

ಆಗಲೇ ಹೊರಗೆ ಹಾರ್ನ್ ಆಯಿತು. ಅದರ ಹಿಂದೆಯೇ “ಬಂಗಡೆ, ಬಂಗಡೆ” ಎಂಬ ಕೂಗು.

ನನಗೆ ಕೇಳಿಸಲಿಲ್ಲ ಎಂದಲ್ಲ. ಬಹಳ ಚೆನ್ನಾಗಿ ಕೇಳಿಸಿತು. ದಪ್ಪ ಹಾರ್ನ್, ಹಳೆಯ ಬೈಕು, ಓಣಿಯ ತಿರುವಿನಲ್ಲಿ ನಿಂತಿದೆ. ಹಾರ್ನಿನ ಜೊತೆ ಫ್ಯಾನಿನ ಕಿರಿಕಿರಿಯೂ ಕೇಳಿಸಿತು, ಹಣೆಯಿಂದ ಬೆವರು ಹುಬ್ಬಿಗೆ ಇಳಿಯುವುದು ಗೊತ್ತಾಯಿತು, ಬೆಂಚಿನ ತುದಿಯ ಆ ಕಣ್ಣೂ ಗೊತ್ತಾಯಿತು. ಬೋಟು ಸಮುದ್ರದಲ್ಲಿದೆ ಎಂಬುದೂ ಅಲ್ಲೇ ಇತ್ತು. ಯಾವುದೂ ಬಿಟ್ಟು ಹೋಗಿರಲಿಲ್ಲ, ಎಲ್ಲವೂ ಇದ್ದ ಕಡೆಯೇ ಇತ್ತು, ಕುತ್ತಿಗೆ ಮಾತ್ರ ತಿರುಗಲಿಲ್ಲ. ಇಷ್ಟು ವರ್ಷ ಸರ್ ತಲೆ ತಿಂದದ್ದು ಇದಕ್ಕೇ ಆಗಿದ್ದರೆ ಎಲ್ಲವನ್ನೂ ಬಿಟ್ಟು ಬಾ ಎಂದು ಯಾಕೆ ಹೇಳುತ್ತಿದ್ದರು? ಎಲ್ಲವನ್ನೂ ಕಟ್ಟಿಕೊಂಡೇ ನಿಲ್ಲು ಎಂದಿದ್ದರೆ ನಾನು ಮೊದಲ ವರ್ಷವೇ ನಿಲ್ಲುತ್ತಿದ್ದೆ.

ಹಾರ್ನಿಗೆ ತಿರುಗಿದ್ದು ಪರೀಕ್ಷಕರು. ತಲೆ ಎತ್ತಿ ಕಿಟಕಿಯ ಕಡೆ ನೋಡಿ, ಪಕ್ಕದಲ್ಲಿದ್ದವರನ್ನು “ಇಲ್ಲಿ ಬಂಗಡೆ ತಾಜಾ ಸಿಗುತ್ತಾ?” ಎಂದು ಕೇಳಿದರು. ಆಮೇಲೆ ಅವರ ಕಣ್ಣಿಗೆ ನಾನು ಬಿದ್ದೆ.

“ಓ, ಮುಗೀತಾ? ಯಾಮೆ, ಯಾಮೆ” ಎಂದರು. “ಕೊನೆಯ ಭಾಗ ಸರಿಯಾಗಿ ನೋಡೋಕಾಗ್ಲಿಲ್ಲ. ಇನ್ನೊಂದು ಸಲ ಮಾಡಿಬಿಡಿ.”

ನನ್ನ ತಲೆಗೆ ರಕ್ತ ಏರಿತು. ಹೋದ ವರ್ಷ ಮೊದಲೇ ಮನೆಗೆ ಹೋದೆ ಎಂದು ಎಲ್ಲರೆದುರು ಹೇಳಿದವರು ಇವರೇ. ನಾನು ಬಾಯಿ ತೆರೆಯುವ ಮೊದಲು ಬೆಂಚಿನಿಂದ ಮಾತು ಬಂತು.

“ನಾನು ನೋಡಿದ್ದೇನೆ. ಪೂರಾ ನೋಡಿದ್ದೇನೆ.”

ಹಾಲ್‌ನಲ್ಲಿದ್ದವರೆಲ್ಲ ತಿರುಗಿದರು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, “ನೀವು ಯಾರು?” ಎಂದರು.

“ಮಗಳ ತಾಯಿ” ಎಂದರು ಅವರು. ಯಾವ ಮಗಳು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

“ಮಾಡ್ತೆ ಸರ್” ಎಂದೆ ನಾನು. “ನೀವು ನೋಡ್ತ್ರಿ ಅಂತಾದ್ರೆ.”

ಎರಡನೆಯ ಸಲ ಮಾಡಿದ್ದು ಮೊದಲಿನದರ ಅರ್ಧದಷ್ಟೂ ಚೆನ್ನಾಗಿರಲಿಲ್ಲ. ತೊಡೆಯಲ್ಲಿ ಬಲವಿರಲಿಲ್ಲ, ಒಂದು ಕಡೆ ಕಾಲು ತಪ್ಪಿತು. ಪರೀಕ್ಷಕರು ಕಣ್ಣು ಕೀಲಿಸಿ ಕೊನೆಯವರೆಗೆ ನೋಡಿ, ಬಹಳ ಸುಧಾರಿಸಿದ್ದೀರಿ ಎಂದು ಪಾಸು ಮಾಡಿದರು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಆ ಮೇಜು ಮಗುಚಿಹಾಕಬೇಕು ಎನಿಸಿತು. ಬೆಂಚಿನ ಕಡೆ ನೋಡಿದರೆ ಅದು ಖಾಲಿ. ಅವರು ಹೋಗಿಯಾಗಿತ್ತು. ಆಮೇಲೆ ಹೇಳ್ತೇನೆ ಎಂದವರು ಹೂಂ ಎಂದೂ ಹೇಳಲಿಲ್ಲ, ಉಹುಂ ಎಂದೂ ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಸರ್ ಕುಂಟುತ್ತ ಬಂದರು. “ಇವತ್ತು ಇದ್ದೆ ನೀನು” ಎಂದರು. “ನಾ ಇದ್ದೆ ಸರ್. ನೋಡೂಕೆ ಅವ್ರು ಇರ್ಲಿಲ್ಲ” ಎಂದೆ. ಸರ್ ಮೊಣಕಾಲು ಉಜ್ಜಿಕೊಂಡರು.

ಆ ವಾರವಿಡೀ ಕ್ಲಿನಿಕ್ಕಿನಲ್ಲಿ ಒಬ್ಬರ ಚೀಟಿಗೆ ಇನ್ನೊಬ್ಬರ ಹಲ್ಲು ಬರೆದೆ. ಬೆಲ್ಟು ಸಿಕ್ಕಿತು, ಸರಿ. ಆಟೋ ಬರದಿದ್ದರೆ ಆ ಬೆಲ್ಟು ಕಟ್ಟಿಕೊಂಡು ಯಾರಿಗೆ ಕಲಿಸುವುದು? ಅರ್ಧ ಸಾಲಿಗೆ ಮಹಡಿಯ ಬಾಡಿಗೆಯೂ ಹುಟ್ಟುವುದಿಲ್ಲ. ಭಾನುವಾರ ಬೇಗ ಹೋಗಿ ಬಾಗಿಲು ತೆರೆದು, ನೆಲ ಗುಡಿಸಿ, ಆ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಬಾಗಿಲಲ್ಲಿ ಹಾಕಿಟ್ಟೆ. ಯಾರ ಕಣ್ಣಿಗೆ ಅಷ್ಟು ತಿಂಗಳು ಬೈದುಕೊಂಡೆನೋ ಅವರಿಗೇ ಕುರ್ಚಿ ಒರೆಸುವ ಗತಿ ನನಗೆ ಬಂದಿತ್ತು. ಮೀನುಪೇಟೆಯ ಹುಡುಗಿಯರು ಬಂದು ಖಾಲಿ ಜಾಗ ಬಿಟ್ಟು ನಿಂತರು. ಕೆಳಗೆ ಆಟೋ ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ಮಕ್ಕಳ ಕಾಲು ದಡಬಡ ಎಂದಿತು.

ಎಲ್ಲರ ಹಿಂದೆ ಅವರು ಮಗಳ ಕೈ ಹಿಡಿದು ಹತ್ತಿ ಬಂದರು. ಹುಡುಗಿಯ ಒಸಡಿನಲ್ಲಿ ಹೊಸ ಹಲ್ಲಿನ ಅಂಚು ಬಿಳಿಯಾಗಿ ಕಾಣುತ್ತಿತ್ತು. ತಾಯಿ ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು. ಕೂರಲಿಲ್ಲ. ಕುರ್ಚಿಯನ್ನು ಎತ್ತಿ ಗೋಡೆಯ ಬದಿಗೆ ಇಟ್ಟರು.

“ಆತು ಟೀಚರ್” ಎಂದರು. “ನಂಗೆ ಪೇಟೆಯಲ್ಲಿ ಸ್ವಲ್ಪ ಕೆಲಸ ಉಂಟು.”

ಇಳಿದು ಹೋದರು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಆ ಬಾಗಿಲು ಖಾಲಿಯಾದದ್ದೇ ನನಗೆ ಹೆದರಿಕೆ ಹುಟ್ಟಿತು. ಅಷ್ಟು ದಿನ ಹುಡುಗಿಯನ್ನು ನೋಡಲು ಇನ್ನೊಂದು ಜೊತೆ ಕಣ್ಣಿತ್ತು. ಅದಕ್ಕೆ ಬೈಯುತ್ತ ನಾನು ಆರಾಮವಾಗಿದ್ದೆ. ಈಗ ಇಡೀ ಸಾಲನ್ನು ನಾನೊಬ್ಬಳೇ ನೋಡಬೇಕು.

ಜೋಡಿ ಅಭ್ಯಾಸ ಹಚ್ಚಿದೆ. ಬೇಕೆಂದೇ ಅದೇ ಜೋಡಿ, ಚಿಕ್ಕವಳು ಮತ್ತು ಎತ್ತರದವಳು. ಸ್ವಲ್ಪ ಹೊತ್ತಿಗೆ ಕೆಳಗೆ ಹಾರ್ನ್ ಬಂತು. ನಾನು ತಿರುಗಲಿಲ್ಲ. ಆದರೆ ಸಾಲಿಗೆ ಸಾಲೇ ತಿರುಗಿತು. ಮೀನುಪೇಟೆಯ ಮಕ್ಕಳು, ವ್ಯಾಪಾರಸ್ಥರ ಮಕ್ಕಳು, ಎಲ್ಲರ ಕುತ್ತಿಗೆಯೂ ಕಿಟಕಿಗೆ. ಚಿಕ್ಕವಳದೂ ತಿರುಗಿತು. ಎತ್ತರದವಳು ಅಷ್ಟರಲ್ಲಾಗಲೇ ಮುಷ್ಟಿ ಬಿಟ್ಟಾಗಿತ್ತು, ಅವಳ ಕಣ್ಣೂ ಕಿಟಕಿಯಲ್ಲೇ ಇತ್ತು. ಮುಷ್ಟಿ ಬಂದು ನನ್ನ ಅಂಗೈಗೆ ಬಡಿಯಿತು. ಹೊಸ ಹಲ್ಲಿನ ಮುಂದೆ ನನ್ನ ಕೈ ಯಾವಾಗ ಹೋಗಿ ನಿಂತಿತೋ ನನಗೆ ಗೊತ್ತಿಲ್ಲ.

ಚಿಕ್ಕವಳು ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅಂಗೈ ಚುರುಗುಟ್ಟುತ್ತಿತ್ತು.

“ಇಲ್ಲಿ ಇರಿ” ಎಂದೆ.

ಹೇಳಿದ ಮೇಲೆ ನನ್ನ ಬಾಯಿಯ ಮೇಲೇ ನನಗೆ ಸಿಟ್ಟು ಬಂತು.